ಸಣ್ಣ ನಾಟಿ ಹೇಂಟೆ, ದೊಡ್ಡ ಗಿರಿರಾಜ: ಒಂದೇ ಹಿತ್ತಲಲ್ಲಿ ಸಾಕುವುದು ಹೇಗೆ?



ಕಡೂರು, ತರೀಕೆರೆ, ಅಜ್ಜಂಪುರ ಭಾಗದ ನಮ್ಮ ಹಳ್ಳಿಗಳಿಗೆ ನಾಟಿ ಕೋಳಿ ಸಾಕಣೆ ಹೊಸದೇನಲ್ಲ. ಅಮ್ಮ, ಅತ್ತೆಯ ಕಾಲದಿಂದ ಬಂದದ್ದು. ಮೊಟ್ಟೆ ಮಾರಿದ ಹಣ, ಹಬ್ಬಕ್ಕೊಂದು ಹುಂಜ ಮಾರಿದ ಹಣ ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಉಳಿಯುತ್ತದೆ. ಯಾರನ್ನೂ ಕೇಳದೆ ಸಂಘದ ವಾರದ ಉಳಿತಾಯ ಕಟ್ಟಲು, ಮಕ್ಕಳ ಪುಸ್ತಕಕ್ಕೆ, ಆಸ್ಪತ್ರೆ ಖರ್ಚಿಗೆ ಅದು ಒದಗುತ್ತದೆ. ಆದ್ದರಿಂದ ಕೋಳಿ ಸಣ್ಣ ಪ್ರಾಣಿಯಾದರೂ ವಿಷಯ ಸಣ್ಣದಲ್ಲ.

ಈಗ ಸಂಘದಿಂದ ಸಾಲ ಪಡೆದು ಗಿರಿರಾಜ, ಸ್ವರ್ಣಧಾರಾ ಮುಂತಾದ ದೊಡ್ಡ ಕೋಳಿ ತರುವವರು ಇದ್ದಾರೆ. ತಂದವರು ಸಾಮಾನ್ಯವಾಗಿ ಹಳೇ ನಾಟಿ ಕೋಳಿಯ ಗೂಡಿಗೇ ಅವನ್ನೂ ಬಿಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ದೂರು ಶುರು: "ನಾಟಿ ಹೇಂಟೆ ಮೊಟ್ಟೆ ಇಡೋದೇ ನಿಲ್ಲಿಸಿಬಿಟ್ಟಿದೆ", "ಬೆನ್ನ ಮೇಲೆ ಪುಕ್ಕಾನೇ ಇಲ್ಲ", "ಮರಿಗಳನ್ನ ದೊಡ್ಡವು ಕುಕ್ಕಿ ಹಾಕಿದ್ವು". ಆಮೇಲೆ "ಎರಡೂ ಒಟ್ಟಿಗೆ ಆಗಿಬರಲ್ಲ" ಅಂತ ನಾಟಿ ಹೇಂಟೆಗಳನ್ನು ಸಂತೆಗೆ ಸಾಗಿಸುತ್ತಾರೆ. ನಿಜವಾದ ನಷ್ಟ ಆಗುವುದು ಅಲ್ಲೇ. ಎರಡನ್ನೂ ಒಟ್ಟಿಗೆ ಸಾಕಬಹುದು. ಆದರೆ ಸಣ್ಣದಕ್ಕೆ ತಿನ್ನಲು, ಮಲಗಲು, ತಪ್ಪಿಸಿಕೊಳ್ಳಲು ಅದರದ್ದೇ ಜಾಗ ಮಾಡಿಕೊಡಬೇಕು. ಅದು ಹೇಗೆ ಎಂದು ಈ ಲೇಖನದಲ್ಲಿ ತಿಳಿಯೋಣ.

ಎರಡೂ ಏಕೆ ಬೇಕು?

ಗಿರಿರಾಜ ತಳಿಯನ್ನು 1980ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಲಾಯಿತು. ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಇಡುತ್ತದೆ. ಸ್ವರ್ಣಧಾರಾ ಅದೇ ಕಾಲೇಜಿನಿಂದ 2005ರಲ್ಲಿ ಬಂದ ತಳಿ. ಇದರ ಮೊಟ್ಟೆ ವರ್ಷಕ್ಕೆ 180ರ ಆಸುಪಾಸು. 22-23 ವಾರಕ್ಕೆ ಸ್ವರ್ಣಧಾರಾ ಹೇಂಟೆ 3 ಕೆ.ಜಿ., ಹುಂಜ 4 ಕೆ.ಜಿ. ಹತ್ತಿರ ತೂಗುತ್ತದೆ. ನಮ್ಮ ನಾಟಿ ಹೇಂಟೆ ತೂಗುವುದು ಒಂದರಿಂದ ಒಂದೂವರೆ ಕೆ.ಜಿ. ಮೊಟ್ಟೆಯೂ ಕಡಿಮೆ, ವರ್ಷಕ್ಕೆ ಐವತ್ತು ಅರವತ್ತು ಅಷ್ಟೇ.

ಲೆಕ್ಕ ನೋಡಿದರೆ ನಾಟಿ ಕೋಳಿ ಸೋತ ಹಾಗೆ ಕಾಣುತ್ತದೆ. ಆದರೆ ಅದು ಮಾಡುವ ಒಂದು ಕೆಲಸ ದೊಡ್ಡ ಕೋಳಿಗೆ ಬರುವುದಿಲ್ಲ. ಸುಧಾರಿತ ತಳಿಯ ಕೋಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ನಾಟಿ ಹೇಂಟೆ 21 ದಿನ ಕಾವು ಕೂತು ಮರಿ ಮಾಡುತ್ತೆ, ಮರಿಗಳನ್ನು ರೆಕ್ಕೆಯಡಿ ಬೆಚ್ಚಗಿಡುತ್ತೆ, ಹುಳ ಕೆದಕಿ ತೋರಿಸುತ್ತೆ, ಹದ್ದು ಕಂಡರೆ ಕೂಗಿ ಎಚ್ಚರಿಸುತ್ತೆ. ಕರೆಂಟೇ ಬೇಡದ ಮರಿ ಮಾಡುವ ಯಂತ್ರ ಅದು. ದೊಡ್ಡ ಕೋಳಿ ತಕ್ಕಡಿ ತುಂಬಿಸುತ್ತದೆ, ಸಣ್ಣ ಹೇಂಟೆ ಗೂಡು ತುಂಬಿಸುತ್ತದೆ. ಸಣ್ಣದನ್ನು ಕಳೆದುಕೊಂಡರೆ ಪ್ರತಿ ಸಲವೂ ಮರಿಗೆ ಹಣ ಕೊಟ್ಟೇ ತರಬೇಕು.

ಬ್ಯಾಂಟಮ್ ಎಂಬ ಗಿಡ್ಡ ಜಾತಿಯ ಕೋಳಿಗಳನ್ನು ಅಂದಕ್ಕೆ ಸಾಕುವವರೂ ಉಂಟು. ಜಾವಾ ದ್ವೀಪದ ಬಾಂಟೆನ್ ಎಂಬ ಬಂದರಿನಿಂದ ಆ ಹೆಸರು ಬಂತು. ಅವು ನಾಟಿ ಹೇಂಟೆಗಿಂತಲೂ ಚಿಕ್ಕವು. ಕೆಳಗೆ ಹೇಳುವ ಮಾತೆಲ್ಲ ಅವಕ್ಕೂ ಅನ್ವಯಿಸುತ್ತದೆ.

ಜಗಳ ಹುಟ್ಟುವುದು ಎಲ್ಲಿ?

ಕೋಳಿಗಳಲ್ಲೂ ದೊಡ್ಡವರು ಚಿಕ್ಕವರು ಎಂಬ ಸಾಲು ಇದೆ. ಮೊದಲು ಯಾರು ತಿನ್ನಬೇಕು, ಎತ್ತರದ ಜಾಗ ಯಾರಿಗೆ ಎಂಬುದನ್ನು ಕುಕ್ಕಿ ಕುಕ್ಕಿಯೇ ತೀರ್ಮಾನ ಮಾಡಿಕೊಳ್ಳುತ್ತವೆ. ಇದು ಅವುಗಳ ಸ್ವಭಾವ, ನಿಲ್ಲಿಸಲು ಆಗುವುದಿಲ್ಲ. ಬಯಲಿನಲ್ಲಿ ಓಡಾಡುವಾಗ ನಾಟಿ ಹೇಂಟೆಗೆ ದೊಡ್ಡ ಅಪಾಯವೇನಿಲ್ಲ. ಹಗುರವಾದ ಮೈ, ಓಡುತ್ತೆ, ಹಾರುತ್ತೆ. ಕೆಲವು ನಾಟಿ ಹೇಂಟೆಗಳು ಗಿರಿರಾಜನನ್ನೇ ಓಡಿಸುವುದೂ ಉಂಟು! ಪೆಟ್ಟು ಬೀಳುವುದು ನಾಲ್ಕು ಕಡೆ: ಕಾಳು ಹಾಕುವ ಜಾಗ, ರಾತ್ರಿ ಗೂಡು, ಭಾರವಾದ ಹುಂಜ, ಮತ್ತು ಹೊಸ ಕೋಳಿ ಸೇರಿಸಿದ ಮೊದಲ ದಿನಗಳು. ಈ ನಾಲ್ಕನ್ನು ಸರಿಮಾಡಿದರೆ ಮುಕ್ಕಾಲು ಸಮಸ್ಯೆ ಮುಗಿಯಿತು.

ಹೊಸ ಕೋಳಿ ತಂದಾಗ

ತಂದ ದಿನವೇ ಹಳೆಯ ಕೋಳಿಗಳ ಜೊತೆ ಬಿಡಬೇಡಿ. ಎರಡರಿಂದ ಮೂರು ವಾರ ದೂರದಲ್ಲಿ ಬೇರೆ ಇಟ್ಟು ಸಾಕಿ. ಕಾಯಿಲೆ ಇದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಮೊದಲು ಹಳೆಯ ಕೋಳಿಗಳಿಗೆ ಕಾಳು ನೀರು ಕೊಟ್ಟು, ಆಮೇಲೆ ಹೊಸವುಗಳ ಹತ್ತಿರ ಹೋಗಿ. ಬಂದು ಕೈಕಾಲು ತೊಳೆದುಕೊಳ್ಳಿ.

ನಂತರ ಒಂದು ವಾರ ನಡುವೆ ಬಲೆ ಕಟ್ಟಿ ಅಕ್ಕಪಕ್ಕ ಇಡಿ. ಒಂದನ್ನೊಂದು ನೋಡಲಿ, ಕುಕ್ಕಲು ಆಗದಿರಲಿ. ಆಮೇಲೆ ಒಂದು ದಿನ ಕತ್ತಲಾದ ಮೇಲೆ ಗೂಡಿಗೆ ಸೇರಿಸಿ. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಬಾಗಿಲು ತೆಗೆಯಿರಿ, ಇಕ್ಕಟ್ಟಿನಲ್ಲಿ ಒಟ್ಟಿಗೆ ನಿಲ್ಲಿಸಬೇಡಿ. ಒಂಟಿ ಕೋಳಿಯನ್ನು ಸೇರಿಸಬೇಡಿ. ಎರಡು ಮೂರು ಜೊತೆಯಲ್ಲಿ ಹೋದರೆ ಎಲ್ಲ ಏಟು ಒಂದರ ಮೇಲೇ ಬೀಳುವುದಿಲ್ಲ.

ಮರಿಗಳ ವಿಷಯದಲ್ಲಿ ಇನ್ನೊಂದು ಮಾತು. ಒಂದೇ ದಿನ ಹುಟ್ಟಿದ ಗಿರಿರಾಜ ಮರಿ ಮತ್ತು ನಾಟಿ ಮರಿ ಒಂದೇ ಸಮ ಬೆಳೆಯುವುದಿಲ್ಲ. ಐದಾರು ವಾರಕ್ಕೆ ಗಿರಿರಾಜ ಬಹಳ ದೊಡ್ಡದಾಗಿರುತ್ತದೆ. ಆದ್ದರಿಂದ ವಯಸ್ಸು ನೋಡಬೇಡಿ, ಮೈಗಾತ್ರ ನೋಡಿ ಬೇರೆ ಮಾಡಿ.

ಕಾಳು, ನೀರು: ನುಸುಳು ಕಿಂಡಿ ಮಾಡಿ

ಒಂದೇ ತಟ್ಟೆಗೆ ಕಾಳು ಹಾಕಿದರೆ ದೊಡ್ಡವು ಸುತ್ತುಗಟ್ಟುತ್ತವೆ, ಸಣ್ಣವು ಹಿಂದೆ ನಿಲ್ಲುತ್ತವೆ. ನಮ್ಮ ಕಣ್ಣಿಗೆ "ಎಲ್ಲಕ್ಕೂ ಹಾಕಿದ್ದೀನಲ್ಲ" ಅನ್ನಿಸುತ್ತದೆ. ಆದರೆ ಸಣ್ಣ ಹೇಂಟೆ ಅರೆಹೊಟ್ಟೆಯಲ್ಲೇ ಇರುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ಇದಕ್ಕೆ ಖರ್ಚಿಲ್ಲದ ಉಪಾಯವಿದೆ.

ಹಿತ್ತಲ ಒಂದು ಮೂಲೆಯಲ್ಲಿ ಬಿದಿರಿನ ಅಥವಾ ಅಡಿಕೆ ದಬ್ಬೆಯ ಕೋಲುಗಳನ್ನು ನೆಟ್ಟು ಸಣ್ಣ ಆವರಣ ಮಾಡಿ. ಮೇಲೂ ಬಲೆ ಹಾಕಿ. ಒಂದು ಕಡೆ ಎರಡು ಕೋಲುಗಳ ನಡುವೆ ಕಿಂಡಿ ಬಿಡಿ. ಅಳತೆ ಎಷ್ಟು ಎಂದು ಕೇಳಬೇಡಿ, ಕೋಳಿಯೇ ಹೇಳುತ್ತದೆ. ಕೋಲನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತನ್ನಿ. ನಾಟಿ ಹೇಂಟೆ ಸಲೀಸಾಗಿ ನುಸುಳಬೇಕು, ಗಿರಿರಾಜ ಹೇಂಟೆ ಹೊರಗೇ ನಿಲ್ಲಬೇಕು. ಅಲ್ಲಿಗೆ ಕೋಲು ಬಿಗಿಯಿರಿ. ಸಣ್ಣವುಗಳ ಕಾಳು, ನೀರು ಒಳಗೆ. ದೊಡ್ಡವುಗಳದ್ದು ಹೊರಗೆ. ಅಟ್ಟಿಸಿಕೊಂಡು ಬಂದಾಗ ಸಣ್ಣ ಹೇಂಟೆಗೆ ಓಡಿ ಸೇರಿಕೊಳ್ಳಲು ಇದೇ ತವರುಮನೆ. ಮರಿಗಳಿಗೂ ಇದೇ ಜಾಗ ಆಗುತ್ತದೆ.

ಹೊರಗಿನ ಕಾಳನ್ನೂ ಒಂದೇ ಕಡೆ ಸುರಿಯಬೇಡಿ. ಎರಡು ಮೂರು ಕಡೆ, ಒಂದು ಕಡೆ ನಿಂತರೆ ಇನ್ನೊಂದು ಕಾಣದ ಹಾಗೆ ಹಾಕಿ. ನೀರಿಗೆ ಬಕೆಟ್ ಇಡಬೇಡಿ, ಮರಿ ಬಿದ್ದು ಸಾಯುತ್ತದೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ ನೀರಿಡಿ.

ಮೊಟ್ಟೆ ಇಡುವ ಕೋಳಿಗೆ ಸುಣ್ಣದ ಅಂಶ ಬೇಕು. ಕಪ್ಪೆಚಿಪ್ಪಿನ ಪುಡಿಯನ್ನು ಕಾಳಿನಲ್ಲಿ ಬೆರೆಸದೆ ಬೇರೆ ಕರಟದಲ್ಲಿ ಇಡಿ. ಬೇಕಾದ ಕೋಳಿ ತಿನ್ನುತ್ತದೆ. ಬೆಳೆಯುವ ಮರಿಗೆ ಹೆಚ್ಚು ಸುಣ್ಣ ಒಳ್ಳೆಯದಲ್ಲ.

ಹೊಟ್ಟೆ ತುಂಬಿದೆಯೇ ಎಂದು ತಿಳಿಯುವುದು ಸುಲಭ. ರಾತ್ರಿ ಗೂಡು ಸೇರಿದ ಮೇಲೆ ಸಣ್ಣ ಹೇಂಟೆಯನ್ನು ಎತ್ತಿಕೊಂಡು ಕತ್ತಿನ ಬುಡದಲ್ಲಿರುವ ಕಾಳಿನ ಚೀಲ ಮುಟ್ಟಿ ನೋಡಿ. ತುಂಬಿ ಗಟ್ಟಿಯಾಗಿದ್ದರೆ ತಿಂದಿದೆ. ಬರಿದಾಗಿದ್ದರೆ, ಎದೆಮೂಳೆ ಚಾಕುವಿನಂತೆ ಕೈಗೆ ಸಿಕ್ಕರೆ, ದೊಡ್ಡವು ತಿನ್ನಗೊಡುತ್ತಿಲ್ಲ ಅಥವಾ ಕಾಯಿಲೆಯಿದೆ ಎಂದರ್ಥ.

ರಾತ್ರಿ ಗೂಡು

ಹಗಲೆಲ್ಲ ಬಿಟ್ಟು ಸಾಕುವ ದೊಡ್ಡ ಕೋಳಿಗೂ ರಾತ್ರಿ ಗೂಡಿನಲ್ಲಿ ತಲಾ ಎರಡು ಚದರಡಿ ಜಾಗ ಬೇಕು. ನಾಟಿಗೆ ಒಂದು ಚದರಡಿಗೆ ಕಡಿಮೆ ಆಗಬಾರದು. ಇಕ್ಕಟ್ಟಾದಷ್ಟೂ ಕುಕ್ಕಾಟ ಹೆಚ್ಚು.

ಗೂಡಿನಲ್ಲಿ ಕೂರಲು ಎರಡು ಎತ್ತರದಲ್ಲಿ ಅಡ್ಡಕೋಲು ಕಟ್ಟಿ. ಭಾರದ ಕೋಳಿಗೆ ನೆಲದಿಂದ ಒಂದು, ಒಂದೂವರೆ ಅಡಿ ಸಾಕು. ಎತ್ತರದಿಂದ ದಬಕ್ಕನೆ ಹಾರಿದರೆ ಅವುಗಳ ಪಾದ ಊದಿಕೊಂಡು ಕೀವಾಗುತ್ತದೆ. ನಾಟಿ ಹೇಂಟೆಗೆ ಮೂರು ಅಡಿ ಮೇಲಿನ ಕೋಲು. ಅದಕ್ಕೆ ಎತ್ತರ ಇಷ್ಟ, ದೊಡ್ಡವು ಅಲ್ಲಿಗೆ ಏರುವುದೂ ಕಡಿಮೆ. ಮೇಲಿನ ಕೋಲು ಕೆಳಗಿನದರ ನೇರಕ್ಕೆ ಬರಬಾರದು, ಹಿಕ್ಕೆ ತಲೆ ಮೇಲೆ ಬೀಳುತ್ತದೆ. ಮೊಟ್ಟೆ ಇಡುವ ಬುಟ್ಟಿಯೂ ಒಂದೇ ಇರಬಾರದು. ನಾಲ್ಕೈದು ಹೇಂಟೆಗೆ ಒಂದು ಬುಟ್ಟಿಯಂತೆ ಇಟ್ಟು, ಸಣ್ಣವುಗಳ ಬುಟ್ಟಿಯನ್ನು ಎತ್ತರದಲ್ಲಿ ಕಟ್ಟಿ.

ಗೂಡಿನಲ್ಲಿ ಜಾಗ ಸಿಗದ ನಾಟಿ ಹೇಂಟೆ ಹಲಸಿನ ಮರವೋ ಮಾವಿನ ಮರವೋ ಏರಿ ಕೂರುತ್ತದೆ. "ಅದು ಹಾಗೇ" ಅಂತ ಬಿಟ್ಟುಬಿಡಬೇಡಿ. ಕಾಡುಬೆಕ್ಕಿನ ಬಾಯಿಗೆ ಹೋಗುವುದು ಹಾಗೆಯೇ.

ಹುಂಜದ ವಿಚಾರ

ನಾಲ್ಕು ಕೆ.ಜಿ. ಹುಂಜ ಒಂದೂಕಾಲು ಕೆ.ಜಿ. ಹೇಂಟೆಯನ್ನು ಪದೇ ಪದೇ ತುಳಿದರೆ ಬೆನ್ನಿನ ಪುಕ್ಕ ಉದುರುತ್ತದೆ, ಕಾಲಿನ ಮುಳ್ಳು ತಾಗಿ ಪಕ್ಕೆಯ ಚರ್ಮ ಸೀಳುತ್ತದೆ, ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ. ಪುಕ್ಕದ ಅಡಿಯಲ್ಲಿ ಗಾಯ ಇರುವುದರಿಂದ ವಾಸನೆ ಬರುವ ತನಕ ನಮಗೆ ಗೊತ್ತೇ ಆಗುವುದಿಲ್ಲ. ವಾರಕ್ಕೊಮ್ಮೆಯಾದರೂ ರೆಕ್ಕೆ ಎತ್ತಿ ನೋಡಿ.

ಇದಕ್ಕೆ ನೇರ ಪರಿಹಾರವೆಂದರೆ ದೊಡ್ಡ ತಳಿಯ ಹುಂಜಗಳನ್ನು ಹೇಂಟೆ ತುಳಿಯುವ ವಯಸ್ಸಿಗೆ ಮೊದಲೇ, ಮೂರೂವರೆ ನಾಲ್ಕು ತಿಂಗಳೊಳಗೆ ಮಾಂಸಕ್ಕೆ ಮಾರಿಬಿಡುವುದು. ಅವನ್ನು ತಂದಿದ್ದೇ ತೂಕಕ್ಕಲ್ಲವೇ? ಹಿತ್ತಲಲ್ಲಿ ಉಳಿಯಬೇಕಾದದ್ದು ಎಂಟು ಹತ್ತು ಹೇಂಟೆಗೆ ಒಂದು ಗಟ್ಟಿಮುಟ್ಟಾದ ನಾಟಿ ಹುಂಜ. ಬರೀ ತಿನ್ನುವ ಮೊಟ್ಟೆ ಸಾಕು ಎನ್ನುವವರಿಗೆ ಹುಂಜವೇ ಬೇಡ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಮಾತ್ರ ಆಗುವುದಿಲ್ಲ.

"ದೊಡ್ಡ ಹುಂಜ ಸೇರಿದರೆ ಮೊಟ್ಟೆ ದೊಡ್ಡದಾಗಿ ಸಣ್ಣ ಹೇಂಟೆಯ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತೆ" ಎಂಬ ಭಯ ಕೆಲವರಿಗಿದೆ. ಅದು ನಿಜವಲ್ಲ. ಮೊಟ್ಟೆಯ ಗಾತ್ರ ನಿರ್ಧಾರವಾಗುವುದು ಹೇಂಟೆಯಿಂದ, ಹುಂಜದಿಂದಲ್ಲ. ಅಪಾಯ ಇರುವುದು ಹುಂಜದ ಭಾರದಲ್ಲಿ.

ಗಾಯವಾದ ಕೋಳಿಯನ್ನು ಕೂಡಲೇ ಬೇರೆ ಮಾಡಿ. ರಕ್ತದ ಕೆಂಪು ಕಂಡರೆ ಉಳಿದ ಕೋಳಿಗಳು ಅಲ್ಲಿಗೇ ಕುಕ್ಕುತ್ತವೆ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ತೊಳೆದು ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ. ಹುಳ ಬಿದ್ದಿದ್ದರೆ, ಗಾಯ ಆಳವಾಗಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಕಾವು ಮತ್ತು ಮರಿ

ಕಾವಿಗೆ ಕೂತ ಹೇಂಟೆಯನ್ನು ದೊಡ್ಡ ಕೋಳಿಗಳಿಂದ ಬೇರೆ, ಕತ್ತಲಾದ ತಂಪು ಮೂಲೆಯಲ್ಲಿ ಇಡಿ. ಇಲ್ಲದಿದ್ದರೆ ದೊಡ್ಡ ಹೇಂಟೆಗಳು ಅದೇ ಬುಟ್ಟಿಗೆ ನುಗ್ಗಿ ಮೊಟ್ಟೆ ಇಡುತ್ತವೆ, ಇದ್ದ ಮೊಟ್ಟೆ ಒಡೆಯುತ್ತವೆ. ನಾಟಿ ಮೊಟ್ಟೆಯಾದರೆ 10-12 ಇಡಬಹುದು. ದಿನಕ್ಕೊಮ್ಮೆ ಎದ್ದು ತಿಂದು ನೀರು ಕುಡಿದು ಬರಲು ಬಿಡಿ.

ಗಿರಿರಾಜ, ಸ್ವರ್ಣಧಾರಾ ಮೊಟ್ಟೆಯನ್ನು ಕಾವಿಗೆ ಇಟ್ಟು ಮರಿ ಮಾಡಿಸಿದರೆ ಆ ಮರಿಗಳಲ್ಲಿ ತಾಯಿ ತಂದೆಯ ತೂಕ, ಮೊಟ್ಟೆ ಅಷ್ಟೇ ಬರುವುದಿಲ್ಲ. ಒಂದೊಂದು ಒಂದೊಂದು ಥರ ಆಗುತ್ತವೆ. ಆದ್ದರಿಂದ ಆ ತಳಿ ಬೇಕಾದಾಗ ಹೊಸ ಮರಿಗಳನ್ನೇ ತರುವುದು ಸರಿ. ಇಲ್ಲೂ ನಾಟಿ ಹೇಂಟೆ ನೆರವಾಗುತ್ತದೆ. ಕಾವು ಮುಗಿಯುವ ಹೊತ್ತಿಗೆ ಒಂದೆರಡು ದಿನದ ಹತ್ತು ಮರಿ ತಂದು, ರಾತ್ರಿ ಕತ್ತಲಲ್ಲಿ ಒಂದೊಂದಾಗಿ ರೆಕ್ಕೆಯಡಿ ಸೇರಿಸಿ, ಮೊಟ್ಟೆಗಳನ್ನು ತೆಗೆದುಬಿಡಿ. ಸಾಮಾನ್ಯವಾಗಿ ತನ್ನ ಮರಿಗಳೆಂದೇ ಸಾಕುತ್ತದೆ. ಬೆಳಿಗ್ಗೆ ಒಂದು ಗಂಟೆ ಹತ್ತಿರವಿದ್ದು ಗಮನಿಸಿ. ಕುಕ್ಕಿದರೆ ಮರಿಗಳನ್ನು ಹಿಂದಕ್ಕೆ ತೆಗೆಯಿರಿ.

ತಾಯಿ ಕೋಳಿ ತುಳಿದರೆ ಮರಿ ಸಾಯಲ್ಲ ಅಂತಾರೆ ಹಿರಿಯರು. ಆದರೆ ಬೇರೆ ದೊಡ್ಡ ಕೋಳಿ ತುಳಿದರೆ ಸಾಯುತ್ತದೆ. ಮೊದಲ ಎರಡು ವಾರ ತಾಯಿ ಮರಿಗಳನ್ನು ಮಂಕರಿಯಡಿ, ಆಮೇಲೆ ನುಸುಳು ಕಿಂಡಿಯ ಆವರಣದಲ್ಲಿ ಬಿಡಿ.

ಲಸಿಕೆ: ಸಣ್ಣದಕ್ಕೆ ಅರ್ಧ ಅಲ್ಲ

ನಮ್ಮ ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುವುದು ಕೊಕ್ಕರೆ ರೋಗ. ರಾಣಿಖೇತ್ ಅಂತಲೂ ಕರೆಯುತ್ತಾರೆ. ಹಸಿರು ಭೇದಿ, ಉಸಿರಾಡಲು ಕಷ್ಟ, ಕತ್ತು ತಿರುಚುವುದು ಇದರ ಗುರುತು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ಲಸಿಕೆಯಿದೆ. ಮರಿಗೆ 5-7ನೇ ದಿನ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ ಹನಿ, 6ರಿಂದ 8 ವಾರದಲ್ಲಿ ರೆಕ್ಕೆಯ ಚರ್ಮದಡಿ ಆರ್2ಬಿ ಚುಚ್ಚುಮದ್ದು. ಆರು ವಾರಕ್ಕೆ ಮೊದಲು ಈ ಚುಚ್ಚುಮದ್ದು ಕೊಡಬಾರದು. ಸಿಡುಬಿನ ಲಸಿಕೆ ಯಾವಾಗ ಎಂದು ಪಶುವೈದ್ಯರನ್ನು ಕೇಳಿ.

"ನಾಟಿ ಕೋಳಿಗೆ ರೋಗ ಬರಲ್ಲ" ಅಂದುಕೊಂಡು ದೊಡ್ಡವಕ್ಕೆ ಮಾತ್ರ ಲಸಿಕೆ ಹಾಕಿಸುವುದು, "ಸಣ್ಣದಲ್ಲವಾ, ಅರ್ಧ ಸಾಕು" ಎನ್ನುವುದು ಎರಡೂ ತಪ್ಪು. ಲಸಿಕೆ ತೂಕ ನೋಡಿ ಕೊಡುವುದಲ್ಲ, ಎಲ್ಲ ಕೋಳಿಗೂ ಒಂದೇ ಅಳತೆ. ಜಂತುಹುಳುವಿನ ಔಷಧ ಮಾತ್ರ ತೂಕ ನೋಡಿ ಕೊಡುವಂಥದ್ದು. ಅದನ್ನು ಸಣ್ಣವಕ್ಕೂ ದೊಡ್ಡವಕ್ಕೂ ಬೇರೆ ಬೇರೆ ನೀರಿನಲ್ಲಿ ಕೊಡಿ.

ಸಂಘದ ಬಲ ಕಾಣುವುದು ಇಲ್ಲೇ. ಲಸಿಕೆಯ ಒಂದು ಬಾಟಲಿ ನೂರಕ್ಕೂ ಹೆಚ್ಚು ಕೋಳಿಗೆ ಸಾಕಾಗುವಷ್ಟು ಬರುತ್ತದೆ. ಕಲಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಒಬ್ಬಳಿಗೆ ಇದು ದಂಡ. ಹತ್ತು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡರೆ ತಲೆಗೆ ಬರುವ ಖರ್ಚು ತೀರಾ ಅಲ್ಪ. ಸಂಜೆ ತಂಪಿನಲ್ಲಿ ಹಾಕಿಸುವುದು ಒಳ್ಳೆಯದು.

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ತಿನ್ನಬೇಡಿ, ಉಳಿದವನ್ನು ಸಂತೆಗೆ ಒಯ್ಯಬೇಡಿ. ಪಶು ಆಸ್ಪತ್ರೆಗೆ ಅಥವಾ 1962 ಸಂಖ್ಯೆಗೆ ತಿಳಿಸಿ.

ನಮ್ಮ ಭಾಗದ ಎಚ್ಚರಿಕೆಗಳು

ತರೀಕೆರೆ ಕಡೆ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿ ಮೈಲುತುತ್ತ ಇರುತ್ತದೆ. ಹೊಡೆದ ದಿನಗಳಲ್ಲಿ ಕೋಳಿಯನ್ನು ತೋಟಕ್ಕೆ ಬಿಡಬೇಡಿ, ಕಲಸಿದ ಡ್ರಮ್ಮಿನ ಹತ್ತಿರ ನಿಂತ ನೀರು ಕುಡಿಯಗೊಡಬೇಡಿ. ಮಳೆಗಾಲದಲ್ಲಿ ಗೂಡಿನ ನೆಲ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ಬರುತ್ತದೆ, ಭತ್ತದ ಹೊಟ್ಟನ್ನು ಆಗಾಗ ಬದಲಾಯಿಸಿ.

ಅಜ್ಜಂಪುರ ಕಡೆ ಈರುಳ್ಳಿ ಬೆಳೆ ಇದೆ. ಕೊಳೆತ ಈರುಳ್ಳಿ ರಾಶಿಯನ್ನು ಕೋಳಿ ಮುಂದೆ ಸುರಿಯಬೇಡಿ. ಬೂಸ್ಟು ಹಿಡಿದ ಮೆಕ್ಕೆಜೋಳ, ಕಡಲೇಕಾಯಿ ಹಿಂಡಿಯನ್ನಂತೂ ಹಾಕಲೇಬೇಡಿ, ಅದರ ವಿಷ ಕೋಳಿಯ ಈಲಿಗೆ ಬಡಿಯುತ್ತದೆ.

ಕಡೂರಿನ ಬೇಸಿಗೆ ಬಿಸಿಲನ್ನು ನಾಟಿ ತಡೆಯುತ್ತದೆ, ಭಾರದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ತೆಂಗಿನ ಗರಿಯ ಚಪ್ಪರ, ಎರಡು ಮೂರು ಕಡೆ ತಂಪು ನೀರು ಇಡಿ. ಬಿಸಿಲಲ್ಲಿ ನೀರು ಒಂದೇ ಕಡೆ ಇದ್ದರೆ ದೊಡ್ಡವು ಅಲ್ಲೇ ಠಿಕಾಣಿ ಹೂಡುತ್ತವೆ, ಸಣ್ಣವು ಬಾಯಾರಿ ಬಳಲುತ್ತವೆ.

ಸಂಘದ ಸಭೆಯಲ್ಲಿ ಚರ್ಚಿಸಿ

ಮುಂದಿನ ಸಭೆಯಲ್ಲಿ ಈ ವಿಷಯಗಳನ್ನು ಮಾತಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ:

1. ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಎಷ್ಟು ನಾಟಿ ಹೇಂಟೆ, ಎಷ್ಟು ದೊಡ್ಡ ಕೋಳಿ ಇವೆ? ಕಳೆದ ವರ್ಷ ಎಷ್ಟು ಸತ್ತವು, ಯಾವ ಕಾರಣಕ್ಕೆ?
2. ಎಲ್ಲರಿಗೂ ಸೇರಿ ಲಸಿಕೆ ದಿನ ಯಾವುದು? ಪಶು ಆಸ್ಪತ್ರೆಗೆ ಹೋಗಿ ಮಾತಾಡುವವರು ಯಾರು?
3. ಮರಿ ಬೇಕಾದವರು ಎಷ್ಟು? ಪಶುಪಾಲನಾ ಇಲಾಖೆ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇಲ್ಲೆಲ್ಲ ವಿಚಾರಿಸಿ. ಮುಂಚಿತವಾಗಿ ಹೇಳಿಟ್ಟರೆ ಒಳ್ಳೆಯದು.
4. ಸಾಲದ ಕಂತು ಕಟ್ಟಲು ದೊಡ್ಡ ಹುಂಜಗಳನ್ನು ಯಾವ ತಿಂಗಳಲ್ಲಿ ಮಾರಬೇಕು? ಯುಗಾದಿಯ ಹೊಸತೊಡಕು, ಊರ ಜಾತ್ರೆಯ ಹೊತ್ತಿಗೆ ಮಾರುವಂತೆ ಲೆಕ್ಕ ಹಾಕಿ ಮರಿ ತನ್ನಿ.

ಹೊಸದಾಗಿ ಶುರು ಮಾಡುವವರು ಆರು ದೊಡ್ಡ ಕೋಳಿ, ನಾಲ್ಕು ನಾಟಿ ಹೇಂಟೆ, ಒಂದು ನಾಟಿ ಹುಂಜ ಇಷ್ಟರಿಂದ ಆರಂಭಿಸಿದರೆ ಸಾಕು. ಕಾಳಿನ ಖರ್ಚು, ಮೊಟ್ಟೆಯ ಹಣ, ಸತ್ತದ್ದು, ಮಾರಿದ್ದು ಎಲ್ಲವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ಲೆಕ್ಕ ನಿಮ್ಮ ಕೈಯಲ್ಲೇ ಇದ್ದಾಗ ಯಾವುದನ್ನು ಹೆಚ್ಚಿಸಬೇಕು ಎಂದು ಬೇರೆಯವರು ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಕೈಯಲ್ಲಿ ಹಣವಿಲ್ಲದ ದಿನ ಮೊದಲು ಸಂತೆಗೆ ಹೋಗಬೇಕಾದದ್ದು ದೊಡ್ಡ ಹುಂಜ. ಕಾವಿಗೆ ಕೂರುವ ಸಣ್ಣ ಹೇಂಟೆ ಕೊನೆಯದು.